ಕಂಪ್ಯೂಟರಿನೊಳಗೆ ಕಳೆದುಹೋಗಿದ್ದ ಸೋಬಾನೆ ಪದ

ಜಾವಗಲ್ಲಿನ ಗುರುಮೂರ್ತಿಗೆ ತೆಂಗಿನ ತೋಟದ ಮೇಲಿದ್ದಷ್ಟೇ ಜೀವ ಹೆಂಗಸರ ಪದಗಳ ಮೇಲೂ ಇತ್ತು. ಮದುವೆ ಮನೆಯಿರಲಿ, ರಾಗಿ ಕೊಯ್ಲಿರಲಿ, ನಾಲ್ಕು ಜನ ದನಿ ಎತ್ತಿದರೆ ಸಾಕು, ಚಿಕ್ಕ ರೆಕಾರ್ಡರ್ ಹಿಡಿದು ಹಿಂದೆ ಕೂತುಬಿಡುತ್ತಿದ್ದ. ಮನೆಗೆ ಬಂದು ಅದನ್ನೆಲ್ಲ ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರಿಗೆ ಸುರಿಯುತ್ತಿದ್ದ. ಸುರಿಯುವುದೆಂದರೆ ಸುರಿಯುವುದೇ, ಒಪ್ಪವಾಗಿ ಜೋಡಿಸಿಡುವ ತಾಳ್ಮೆ ಅವನಿಗಿರಲಿಲ್ಲ. ಫೋಲ್ಡರಿನೊಳಗೆ ಫೋಲ್ಡರು, ಅದರೊಳಗೆ ಇನ್ನೊಂದು. ಆ ಗಳಿಗೆಗೆ ಬಾಯಿಗೆ ಬಂದದ್ದೇ ಫೈಲಿನ ಹೆಸರು.

ಕಳೆದ ಮಾಘದಲ್ಲಿ ಹಾರನಹಳ್ಳಿಯ ಮರಿಯಮ್ಮ ಬಸ್ಸಿಳಿದು ಬಂದಳು. ಅವಳ ಮೊಮ್ಮಗಳು ದಿವ್ಯಶ್ರೀಯ ಮದುವೆ ಹತ್ತಿರವಿತ್ತು.

“ನಾನೂ ನಮ್ಮಕ್ಕನೂ ಹೇಳಿದ್ದ ಹೆಣ್ಣೊಪ್ಪಿಸೋ ಪದ ನಿನ್ ತಾವ ಐತಲ್ಲಪ್ಪ. ನಡುವಿನ ಸಾಲು ನಂಗೆ ಮರ್ತೋಗೈತೆ. ಅಕ್ಕ ಇದ್ದಿದ್ರೆ ಅವಳನ್ನೇ ಕೇಳ್ತಿದ್ದೆ.”

“ಐತೆ ದೊಡ್ಡವ್ವ, ಹುಡುಕಿ ಇಟ್ಟಿರ್ತೀನಿ. ಸಂತೆ ದಿನ ಬಾ,” ಎಂದುಬಿಟ್ಟ ಗುರುಮೂರ್ತಿ.

ಒಂದೊಂದೇ ಫೈಲು ತೆರೆದು ಕೇಳಲು ಕೂತವನಿಗೆ ಮಾರನೆಯ ದಿನಕ್ಕೇ ಸಾಕಾಯಿತು. ಜೆರಾಕ್ಸ್ ಅಂಗಡಿಯ ಅರುಣಾ ದಾರಿ ತೋರಿಸಿದಳು. ಕಂಪ್ಯೂಟರಿನ ಮೂಲೆ ಮೂಲೆಯಲ್ಲಿರುವ ಫೈಲುಗಳನ್ನೆಲ್ಲ ಹೆಸರು, ತಾರೀಖು ಸಮೇತ ಒಂದೇ ಪಟ್ಟಿ ಮಾಡಿಕೊಡುವ ಪುಟ್ಟ ಪ್ರೋಗ್ರಾಮ್ ಇದೆಯಂತೆ. ಶೇರ್‌ವೇರ್ ಎನ್ನುತ್ತಾರೆ, ಒಂದು ತಿಂಗಳು ಪುಕ್ಕಟೆ ಬಳಸಿ ನೋಡಿ, ಹಿಡಿಸಿದರೆ ಆಮೇಲೆ ಕೊಂಡುಕೊಂಡರಾಯಿತು. ಅವಳೇ ಅದನ್ನು ಪೆನ್‌ಡ್ರೈವಿಗೆ ಹಾಕಿಕೊಟ್ಟಳು.

ಮನೆಯ ಕಂಪ್ಯೂಟರು ಅದನ್ನು ಒಳಗೇ ಬಿಟ್ಟುಕೊಳ್ಳಲಿಲ್ಲ. ಗುರುಮೂರ್ತಿ ಮತ್ತೆ ಅಂಗಡಿಗೆ ಬಂದ.

“ನಿಮ್ ಸಿಸ್ಟಮ್ ತುಂಬಾ ಹಳೇದು ಅಂಕಲ್. ಇದ್ರ ಹಳೇ ವರ್ಷನ್ನೂ ಅವ್ರ ಸೈಟಲ್ಲೇ ಇದೆ. ಹಾಕ್ಕೊಡ್ತೀನಿ ಇರಿ,” ಎಂದಳು ಅರುಣಾ.

ಮನೆಗೆ ತಂದು ಹಾಕಿದಾಗ ಈ ಸಲ ಇನ್‌ಸ್ಟಾಲ್ ಶುರುವಾಯಿತು. ಹಸಿರು ಪಟ್ಟೆ ಅರ್ಧಕ್ಕೆ ಬಂದು ನಿಂತಿತು. ಗುರುಮೂರ್ತಿ ಮೌಸ್ ಮುಟ್ಟದೆ ಕೈಕಟ್ಟಿ ಕಾದ. ಹೆಂಡತಿ ವೆಂಕಟಲಕ್ಷ್ಮಮ್ಮ ಕಾಫಿ ತಂದಿಟ್ಟು, “ಅದೂ ಒಸಿ ಸುಧಾರಿಸ್ಕೊಳ್ಳಲಿ ಬಿಡ್ರೀ,” ಎಂದಳು. ಕಾಫಿ ಮುಗಿಯುವ ಹೊತ್ತಿಗೆ ಪಟ್ಟೆ ತುದಿ ಮುಟ್ಟಿತ್ತು. ಒಂದು ಗುಂಡಿ ಒತ್ತಿದ್ದೇ ತಡ, ಅಷ್ಟು ವರ್ಷದ ಹಾಡುಗಳು ಪರದೆಯ ಮೇಲೆ ಸಾಲಾಗಿ ಇಳಿದವು. ಗಂಡನ ಭುಜದ ಮೇಲಿಂದ ಬಗ್ಗಿ ಓದುತ್ತಿದ್ದ ವೆಂಕಟಲಕ್ಷ್ಮಮ್ಮ ತಟ್ಟನೆ ಬೆರಳಿಟ್ಟಳು.

“ರೀ, ಕುಕ್ಕರ್ ಅಂತ ಐತಲ್ಲ, ಇದೇ ಕಣ್ರೀ. ಅವ್ರಿಬ್ರೂ ನಮ್ಮನೇಲಿ ಪದ ಹೇಳ್ವಾಗ ಕುಕ್ಕರ್ ಕೂಗಿ, ನೀವು ನನ್ ಮೇಲೆ ರೇಗಾಡಲಿಲ್ವಾ?”

ಹಾಕಿ ಕೇಳಿದರೆ ಅದೇ ಪದ. ಗುರುಮೂರ್ತಿಗೆ ನಗು ತಡೆಯಲಾಗಲಿಲ್ಲ.

ಸಂತೆಯ ದಿನ ಮರಿಯಮ್ಮ ಸೆರಗು ಸರಿಮಾಡಿಕೊಂಡು ಕಂಪ್ಯೂಟರಿನ ಮುಂದೆ ಕೂತಳು. ಎರಡು ದನಿಗಳು ಒಂದರ ಹಿಂದೆ ಒಂದು ಹೊರಟವು. ನಡುವೆ ಕುಕ್ಕರ್ ಕೂಗಿತು. ಅಕ್ಕ ಕಿಸಕ್ಕನೆ ನಕ್ಕು, ನಗುತ್ತಲೇ ಮುಂದಿನ ಸಾಲು ಹಿಡಿದಳು.

“ಇನ್ನೊಂದ್ ಸಲ ಹಾಕಪ್ಪ.”

“ಆ ಸಾಲನ್ನಾ ದೊಡ್ಡವ್ವ?”

“ಊಹೂಂ. ಅವಳು ನಗೋದ್ನ.”

ಅವನು ಅದನ್ನೇ ಮತ್ತೆ ಮತ್ತೆ ಹಾಕಿದ. ಮರಿಯಮ್ಮ ಕಣ್ಣೊರೆಸಿಕೊಂಡು ತಾನೂ ನಕ್ಕಳು. ಆಮೇಲೆ ಅಕ್ಕನ ದನಿಗೆ ದನಿ ಸೇರಿಸಿ ಪದವನ್ನು ಕೊನೆಮುಟ್ಟಿಸಿದಳು. ಮರೆತ ಸಾಲು ಸಲೀಸಾಗಿ ನಾಲಿಗೆಗೆ ಬಂತು. ಅಷ್ಟರಲ್ಲಿ ಹಾರನಹಳ್ಳಿಯ ಬಸ್ಸು ಹೊರಟುಹೋಗಿತ್ತು.

“ಹೋಗ್ಲಿ ಬಿಡು, ಇನ್ನೊಂದು ಬತ್ತದೆ,” ಎಂದು ಅವಳು ವೆಂಕಟಲಕ್ಷ್ಮಮ್ಮ ಬಡಿಸಿದ ಬಿಸಿ ಮುದ್ದೆಗೆ ಕೈ ಹಾಕಿದಳು.