ಹುಣಸೆಹಣ್ಣು ಮುಟ್ಟದ ಹಂಡೆ

ಹುಡುಗಿಯ ಅಜ್ಜಿ ನಮ್ಮ ಬಚ್ಚಲಮನೆಯಿಂದಲೇ ಕೂಗಿದರು: “ಏನ್ರೆವಾ, ಈ ಹಂಡ್ಯಾಗ ಸುಣ್ಣಾ ಕುದಸ್ತೀರೇನು?”

ನನ್ನ ಮಗನಿಗೆ ಹೆಣ್ಣು ಕೊಡುವ ಮುಂಚೆ ಕಲಘಟಗಿಯವರು ಅಣ್ಣಿಗೇರಿಯ ನಮ್ಮ ಮನೆ ನೋಡಲು ಬಂದಿದ್ದರು. ನಳದ ಸವಳು ನೀರಿನ ಬಿಳಿ ಕಲೆ ಕಾಣಬಾರದೆಂದು ತಂಬಿಗೆ, ಬಕೆಟ್ಟು, ನಳದ ಬಾಯಿ ಎಲ್ಲವನ್ನೂ ಹುಣಸೆಹಣ್ಣು ಹಚ್ಚಿ ತಿಕ್ಕಿದ್ದೆ. ಚಹಾಕ್ಕೆ ಕ್ಯಾನಿನ ನೀರು ತರಿಸಿದ್ದೆ. ಹಂಡೆಯ ಒಳಗೆ ಇಣುಕುವುದನ್ನೇ ಮರೆತಿದ್ದೆ.

ಚೌಕಾಸಿಯಲ್ಲಿ ಸೋತವಳಲ್ಲ ನಾನು. “ಹಂಡೆ ಬದಲಸ್ತೀವಿ, ಬರ್ರಿ,” ಎಂದೆ.

“ಸವಳ ನೀರಿಗೆ ಅಂಜಂಗಿಲ್ರೆವಾ. ಇನ್ನೇನೇನ ತಿಕ್ಕಿ ಮುಚ್ಚಿಟ್ಟೀರಿ ಅಂತ ಅಂಜಿಕಿ ಆತು,” ಎಂದರು ಅಜ್ಜಿ, ಫಳಫಳ ಹೊಳೆಯುವ ತಂಬಿಗೆ ತೋರಿಸುತ್ತ.

ಅವರ ಫೋನ್ ಇನ್ನೂ ಬಂದಿಲ್ಲ. ಮೊಬೈಲ್ ಸದ್ದಾದರೆ ನನಗಿಂತ ಮೊದಲು ಮಗ ಏಳುತ್ತಾನೆ. ಮನೆ ತೋರಿಸುವವರಿಗೆ ನಾನು ಹೇಳುವುದಿಷ್ಟೇ: ಮೊದಲು ನಳ ಬಿಟ್ಟು ತೋರಿಸಿ, ಚಹಾ ಆಮೇಲೆ ಕೊಡಿ.