ಅತ್ತೆಯ ಉಸಿರು ತಡವಾದ ಮಧ್ಯಾಹ್ನ

ರಕ್ತ ತೆಗೆಯುವ ಹುಡುಗಿ ಚೀಟಿ ನೋಡಿದಳು, ನನ್ನ ಮುಖ ನೋಡಿದಳು, ದನಿ ತಗ್ಗಿಸಿ ಕೇಳಿದಳು: “ಅಕ್ಕಾ, ಔಷಧಿ ಏನಾದ್ರೂ ಕುಡಿದ್ಬಿಟ್ರಾ?”

ನಮ್ಮ ಕಡೆ ಆ ಪ್ರಶ್ನೆಗೆ ಒಂದೇ ಅರ್ಥ. ಔಷಧಿಯೆಂದರೆ ಟೊಮೊಟೊ ತೋಟಕ್ಕೆ ಹೊಡೆಯುವುದು. ಅದನ್ನು ಕುಡಿದು ಬಂದವರಿಗೇ ಇಲ್ಲಿ ಈ ಪರೀಕ್ಷೆ ಮಾಡುವುದಂತೆ. “ಇಲ್ಲಮ್ಮ, ಇದು ನಮ್ಮ ವಂಶದ ವಿಷಯ” ಎಂದೆ. ಅವಳು ಇನ್ನೂ ಗಾಬರಿಯಾದಳು. ಸಂಜೆಯೊಳಗೆ ಫೋನಿಗೇ ರಿಪೋರ್ಟು ಕಳಿಸುತ್ತಾರಂತೆ. ಮನೆಗೆ ಬಂದು ಕೂತಿದ್ದೇನೆ. ತೋಳಿಗಂಟಿದ ಹತ್ತಿಯಿಂದ ಸ್ಪಿರಿಟ್ಟಿನ ವಾಸನೆ ಬರುತ್ತಲೇ ಇದೆ. ಆ ವಾಸನೆ ಬಂತೆಂದರೆ ನನಗೆ ಎರಡು ವರ್ಷದ ಹಿಂದಿನ ಒಂದು ಮಧ್ಯಾಹ್ನ ಬಂದಂತೆಯೇ.

ಮೊದಲು ರಾಜತ್ತೆಯ ಪರಿಚಯ ಆಗಲಿ. ನಮ್ಮಪ್ಪನ ತಂಗಿ. ಚಿಂತಾಮಣಿಯಲ್ಲಿ ದಿನಸಿ ಅಂಗಡಿ. ಮನೆಯಲ್ಲಿ ತೆಲುಗು, ಅಂಗಡಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ನಿದ್ದೆಯಲ್ಲೂ ಗಿರಾಕಿಗಳೊಡನೆ ಮಾತಾಡುವ ಹೆಂಗಸು. ಆಕೆಯ ಗಂಡ ಬೇರೆ ಯಾರೂ ಅಲ್ಲ, ಆಕೆಯ ಸ್ವಂತ ಸೋದರಮಾವನೇ. ಇನ್ನು ಅವರ ಮಗ ಪ್ರಸಾದನಿಗೆ ನನ್ನನ್ನು ತರುವುದೆಂದು ನಾನು ತೊಟ್ಟಿಲಲ್ಲಿದ್ದಾಗಲೇ ನಿಶ್ಚಯವಾಗಿತ್ತು. ನನ್ನ ಅಭಿಪ್ರಾಯವನ್ನು ಆಗ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ. ಕೇಳದಿದ್ದರೂ ಹೇಳುವವಳು ನಾನು. ಜಾತಿಯೊಳಗೇ ಮದುವೆ ಮಾಡುವುದರ ವಿರುದ್ಧ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನನ್ನ ಮೆಚ್ಚಿನ ವಾದ ಇದು: ಜಾತಿಯೆಂಬುದು ತಲೆಯೊಳಗಿನ ಕಲ್ಪನೆ, ರಕ್ತ ಪರೀಕ್ಷೆಯಲ್ಲಿ ಅದು ಸಿಗುವುದಿಲ್ಲ. ಈ ವಾಕ್ಯಕ್ಕೆ ಚಪ್ಪಾಳೆ ಬೀಳದ ಸಭೆಯೇ ಇರಲಿಲ್ಲ. ಅದನ್ನೇ ಅತ್ತೆಯ ಎದುರು ಹೇಳಿದರೆ, “ಏನ್ ಚೆಂದ ಮಾತಾಡ್ತಾಳಮ್ಮ ನನ್ ಸೊಸೆ! ಅಂಗಡೀಲಿ ಕೂರ್ಸಿದ್ರೆ ಒಬ್ಬ ಗಿರಾಕೀನೂ ಬರಿಗೈಲಿ ಹೋಗಲ್ಲ” ಎಂದು ಬೀಗುತ್ತಿದ್ದರು. ಇಂಥ ಎದುರಾಳಿಯನ್ನು ಯಾರು ಸೋಲಿಸಿಯಾರು ಹೇಳಿ?

ಆ ದಿನ ಅತ್ತೆಗೆ ಹೊಟ್ಟೆನೋವು ತಡೆಯಲಾಗದೆ ಚಿಕ್ಕಬಳ್ಳಾಪುರದ ನರ್ಸಿಂಗ್ ಹೋಮಿಗೆ ಕರೆತಂದೆವು. ಅಪೆಂಡಿಕ್ಸ್ ಒಡೆಯುವ ಹಂತದಲ್ಲಿದೆ ಎಂದು ನೇರ ಒಳಗೆ ಒಯ್ದರು. ಬಾಗಿಲು ಮುಚ್ಚುವವರೆಗೂ ಅತ್ತೆ ಮಾವನಿಗೆ ಹೆಸರುಬೇಳೆಯ ಮೂಟೆ ಎಲ್ಲಿಡಬೇಕೆಂದು ಹೇಳುತ್ತಲೇ ಇದ್ದರು. ಗಂಟೆ ಕಳೆದ ಮೇಲೆ ಅರಿವಳಿಕೆ ಕೊಡುವ ಡಾಕ್ಟರಮ್ಮ ಹೊರಗೆ ಬಂದರು.

“ಆಪರೇಷನ್ ಚೆನ್ನಾಗಾಯ್ತು. ಆದ್ರೆ ಉಸಿರು ಶುರುವಾಗ್ತಿಲ್ಲ. ಮಷೀನಲ್ಲಿ ಉಸಿರಾಡಿಸ್ತಿದೀವಿ.” ಒಂದು ಕ್ಷಣ ನಿಂತು, “ನೀವು ಯಾವ ಜನ?” ಎಂದರು.

ನನಗೆ ಕಿವಿಯಲ್ಲಿ ಗುಂಯ್ ಎಂದಿತು. “ಒಳಗೆ ಮನುಷ್ಯರಿಗೆ ಉಸಿರಿಲ್ಲ, ನಿಮಗೆ ಜಾತಿ ಬೇಕಾ ಮೇಡಂ? ಯಾವ ಪುಸ್ತಕದಲ್ಲಿದೆ ಇದು?”

“ಜಗಳ ಆಮೇಲೆ ಆಡಣ. ಇವರ ತಂದೆತಾಯಿ ಸಂಬಂಧದೋರಾ?”

ಮಾವ ಕೈಮುಗಿದುಕೊಂಡೇ ಹೇಳಿದರು: “ನಮ್ಮಕ್ಕನ್ನ ಸೋದರತ್ತೆ ಮಗನಿಗೆ ಕೊಟ್ಟಿದ್ದು. ಅವರ ಮಗಳೇ ಇವಳು. ನಾನು ಮಾಡ್ಕೊಂಡೆ. ನಮ್ಮಲ್ಲಿ ಹೊರಗೆ ಕೊಡೋ ಪದ್ಧತಿ ಇಲ್ಲ ಡಾಕ್ಟ್ರೇ.”

ಡಾಕ್ಟರಮ್ಮನ ಮುಖ ಸಡಿಲವಾಯಿತು. ನನ್ನನ್ನು ಬೆಚ್ಚಿಬೀಳಿಸಿದ್ದು ಅದು. ಕಾರಣ ಸಿಕ್ಕಿತೆಂಬ ನೆಮ್ಮದಿ ಆ ಮುಖದಲ್ಲಿತ್ತು.

ಗಂಟಲಿಗೆ ಬೇಗ ಕೊಳವೆ ಇಳಿಸಲು ಒಂದು ಇಂಜೆಕ್ಷನ್ ಕೊಡುತ್ತಾರಂತೆ. ಅದು ಮೈಯ ಸ್ನಾಯುಗಳನ್ನೆಲ್ಲ ಸಡಿಲಿಸುತ್ತದೆ, ಉಸಿರಾಡಿಸುವವನ್ನೂ. ಕೆಲವೇ ನಿಮಿಷಕ್ಕೆ ರಕ್ತದಲ್ಲಿರುವ ಕಿಣ್ವವೊಂದು ಅದನ್ನು ತುಂಡರಿಸಿ ಮುಗಿಸುತ್ತದೆ. ಅತ್ತೆಯ ರಕ್ತದಲ್ಲಿ ಆ ಕೆಲಸ ಆಗುತ್ತಿಲ್ಲ. ಒಳಗೊಳಗೇ ಮದುವೆಯಾಗುವ ಕೆಲವು ಜನರಲ್ಲಿ ಈ ಕೊರತೆ ಹೆಚ್ಚಂತೆ; ತೋಟದ ಔಷಧಿ ಕುಡಿದವರಲ್ಲಿ ಕೆಡುವುದೂ ಇದೇ ಕಿಣ್ವವಂತೆ.

ಕಿಣ್ವ! ಪಿಯುಸಿಯಲ್ಲಿ ಐದು ಅಂಕಕ್ಕೆ ಚಿತ್ರಸಹಿತ ಬರೆದು, ಪರೀಕ್ಷೆಯ ಬಾಗಿಲಲ್ಲೇ ಬಿಟ್ಟು ಬಂದಿದ್ದೆ. ಜೀವಕೋಶದಲ್ಲಿ ಡಿಎನ್‌ಎ ಎಂಬ ಮೂಲಪ್ರತಿ, ಅದರಿಂದ ತೆಗೆದ ನಕಲು ಆರ್‌ಎನ್‌ಎ, ಆ ನಕಲನ್ನು ಓದುತ್ತ ಅಮೈನೋ ಆಮ್ಲಗಳನ್ನು ಮಣಿಗಳಂತೆ ಒಂದೊಂದಾಗಿ ಪೋಣಿಸುವ ರೈಬೋಸೋಮು. ಪೋಣಿಸಿದ ಸರ ಮಡಚಿಕೊಂಡು ಒಂದು ಆಕಾರಕ್ಕೆ ಬಂದರೆ ಅದೇ ಪ್ರೋಟೀನು. ಕಿಣ್ವವಾದರೆ ಆ ಮಡಿಕೆಯಲ್ಲೊಂದು ಸಂದು. ಅತ್ತೆಯ ಅಂಗಡಿಯ ಅಡಕತ್ತರಿಯ ಹಾಗೆ: ಬಾಯಿಗೆ ಸರಿಯಾಗಿ ಕೂತದ್ದು ತುಂಡಾಗುತ್ತದೆ, ಕತ್ತರಿ ಮುಂದಿನದಕ್ಕೆ ಮತ್ತೆ ಬಾಯಿ ತೆರೆಯುತ್ತದೆ. ಮೂಲಪ್ರತಿಯಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ನೂರಾರು ಮಣಿಗಳಲ್ಲಿ ಒಂದು ಬೇರೆಯದಾಗಿ, ಸರ ಸರಿಯಾಗಿ ಮಡಚಿಕೊಳ್ಳದೆ ಹೋಗಬಹುದು. ಅಪ್ಪನಿಂದ ಬಂದ ಪ್ರತಿ ಕೆಟ್ಟಿದ್ದರೆ ಅಮ್ಮನದು ಕೈಹಿಡಿಯುತ್ತದೆ. ಎರಡೂ ಒಂದೇ ಅಜ್ಜಿಯ ಮನೆಯಿಂದ ಬಂದಿದ್ದರೆ?

“ಇಷ್ಟು ವರ್ಷ ಅದಿಲ್ದೆ ಹೇಗೆ ಬದುಕಿದ್ರು?” ಎಂದು ಅಡ್ಡಪ್ರಶ್ನೆ ಹಾಕಿದೆ. ಸೋಲುವಾಗಲೂ ಅಡ್ಡಪ್ರಶ್ನೆ ಹಾಕುವುದು ನಮ್ಮ ತರಬೇತಿ.

“ಅದಿಲ್ಲ ಅಂತ ಮೈಗೆ ತಿಳಿಯೋದೇ ಇಲ್ಲ. ಈ ಇಂಜೆಕ್ಷನ್ ಬಿದ್ದ ದಿನ ತಿಳಿಯತ್ತೆ.”

“ಹಾಗಾದ್ರೆ ಇದು ಜೀನಿನ ವಿಷಯ. ಜೀನಿಗೆ ಜಾತಿ ಗೊತ್ತಾ?”

“ಗೊತ್ತಿಲ್ಲಮ್ಮ. ಅದನ್ನ ಹೊರಗೆ ಹೋಗೋಕೆ ನೀವು ಬಿಟ್ಟಿಲ್ಲ, ಅಷ್ಟೆ.”

ಹುಟ್ಟುವಾಗ ಯಾರ ರಕ್ತದಲ್ಲೂ ಜಾತಿ ಇರುವುದಿಲ್ಲವೆಂದು ಈಗಲೂ ವಾದಿಸುತ್ತೇನೆ. ಆದರೆ ಮದುವೆಯ ಮೇಲೆ ಮದುವೆ ಮಾಡಿ, ತಲೆಯೊಳಗಿನ ಕಲ್ಪನೆಯನ್ನು ರಕ್ತಕ್ಕೆ ನಾವೇ ಇಳಿಸಿಬಿಡಬಹುದು ಎಂಬುದು ನನ್ನ ಯಾವ ಭಾಷಣದಲ್ಲೂ ಇರಲಿಲ್ಲ.

ಚಿಕಿತ್ಸೆ ಏನೆಂದರೆ ಕಾಯುವುದು. ಔಷಧ ತಾನಾಗಿ ಇಳಿಯುವವರೆಗೆ ಅತ್ತೆಗೆ ಮತ್ತೆ ಅರಿವಳಿಕೆ ಕೊಟ್ಟು ಮಲಗಿಸಿದರು, ಯಂತ್ರ ಉಸಿರಾಡಿಸಿತು. ಸಂಜೆಯ ಹೊತ್ತಿಗೆ ಅತ್ತೆಯೇ ಉಸಿರೆಳೆದುಕೊಂಡರು.

ಮರುದಿನ ಅತ್ತೆ ನನ್ನ ಕೈ ಹಿಡಿದುಕೊಂಡು ಹೇಳಿದ್ದನ್ನು ನೆನೆದರೆ ಇಂದಿಗೂ ಬೆನ್ನು ತಣ್ಣಗಾಗುತ್ತದೆ. ಆಪರೇಷನ್ ಮುಗಿದು ಮತ್ತೆ ಮಲಗಿಸುವ ಮುನ್ನ ಸ್ವಲ್ಪ ಹೊತ್ತು ಆಕೆಗೆ ಎಚ್ಚರವಿತ್ತು. “ಕೈ ಹಿಸುಕಿ ಅಮ್ಮಾ, ಹಿಸುಕಿ ಅಂತ ಯಾರೋ ಕೂಗ್ತಾವ್ರೆ ಕಣೇ. ನಾನು ಇರೋ ಬಲ ಎಲ್ಲಾ ಹಾಕಿ ಹಿಸುಕ್ತಿದೀನಿ. ಅವರು ‘ಏನೂ ಇಲ್ಲ’ ಅಂತಾವ್ರೆ. ಇದೀನಿ ಅಂತ ಹೇಳಕ್ಕೆ ನಾಲಿಗೆ ಇಲ್ಲ.”

ಆಮೇಲೆ ಮನೆಯವರೆಲ್ಲ ಪರೀಕ್ಷೆ ಮಾಡಿಸಬೇಕೆಂದು ಡಾಕ್ಟರಮ್ಮ ಹೇಳಿದ್ದರು. ಬೇರೆಯವರಿಗೆಲ್ಲ ಉಪದೇಶ ಮಾಡಿ ನಾನು ಮಾತ್ರ ಮುಂದೂಡುತ್ತ ಬಂದೆ. ನಮ್ಮಮ್ಮನೂ ಹೊರಗಿನವಳಲ್ಲ ನೋಡಿ. ಈಗ ಅರಿವಳಿಕೆ ಕೊಟ್ಟೇ ಮಾಡಬೇಕಾದ ನನ್ನ ಹಲ್ಲಿನ ಆಪರೇಷನ್ ಹತ್ತಿರ ಬಂದು, ತಪ್ಪಿಸಿಕೊಳ್ಳುವ ಹಾಗಿಲ್ಲ.

ಇಷ್ಟು ಬರೆಯುವಷ್ಟರಲ್ಲಿ ಫೋನಿಗೆ ರಿಪೋರ್ಟು ಬಂತು. ಆ ಕಿಣ್ವದ ಎದುರಿನ ಅಂಕಿ, ಇರಬೇಕಾದ ಮಟ್ಟದ ತೀರಾ ಕೆಳಗೆ. ದಪ್ಪ ಅಕ್ಷರದಲ್ಲಿದೆ. ಮೊದಲು ಕರೆ ಮಾಡಿದ್ದು ಅತ್ತೆಗೆ.

ಅತ್ತೆ ಗಿರಾಕಿಗಳನ್ನು ಆಮೇಲೆ ಬನ್ನಿ ಎಂದು ಕಳಿಸಿದ್ದು ಫೋನಿನಲ್ಲಿ ಕೇಳಿಸಿತು. ಆಮೇಲೆ, “ಹಲ್ಲಿನ ಡಾಕ್ಟ್ರಿಗೆ ಮೊದ್ಲೇ ಹೇಳ್ಬಿಡಮ್ಮ. ಪ್ರಸಾದಂಗೆ ಹೊರಗಿನ ಹುಡುಗೀನೇ ನೋಡ್ತೀನಿ. ನೀನೂ ಹೊರಗಿನ ಹುಡುಗನ್ನೇ ನೋಡ್ಕೋ. ಯಾವ ಜನ ಅಂತ ನಾನು ಕೇಳಲ್ಲ” ಎಂದರು.

ತೊಟ್ಟಿಲಿನಿಂದ ನಡೆದ ವಾದವನ್ನು ನಾನು ಗೆದ್ದಿದ್ದೆ. ಗೆದ್ದವಳು ತೋಳಿನ ಹತ್ತಿಯನ್ನು ಕೀಳುತ್ತ ಕೂತಿದ್ದೆ.

“ಏಮೇ, ಮಾತಾಡೇ,” ಅತ್ತೆಯ ದನಿ ಏರಿತು. “ನೀನು ಸುಮ್ನಿದ್ರೆ ನಂಗೆ ಭಯ ಆಗತ್ತೆ ಕಣೇ!”

ಬಾಯಿ ತೆರೆದೆ. ಉಸಿರು ಬಂತು, ಮಾತು ಬರಲಿಲ್ಲ.