ಮೀಸೆ ಮೀನಿಗೆ ಊಟ ತಂದವರು

ಮೀನಿನಕ್ಕನ ಹಸಿರು ಬಳೆಗಳ ನಡುವೆ ಯಾವಾಗಲೂ ಒಂದೆರಡು ಹುರುಪೆ ಅಂಟಿಕೊಂಡು ಹೊಳೆಯುತ್ತಿದ್ದವು. ಕಡಲ ಬದಿಯ ಶಿರಿಯದಿಂದ ಬಸ್ಸಿನಲ್ಲಿ ಮೀನಿನ ಬುಟ್ಟಿ ತಂದು ನಮ್ಮ ಅಗಲ್ಪಾಡಿಯ ಕಡೆ ಮನೆಮನೆಗೆ ಮಾರುತ್ತಿದ್ದರು. ಮೀನು ತಿನ್ನದ ನಮ್ಮ ಮನೆಯ ಮುಂದೆ ಮಾತ್ರ ಕೂಗದೆ ದಾಟುತ್ತಿದ್ದರು.

ಅವರನ್ನು ಹಿತ್ತಲಿಗೆ ಕರೆದವನು ನಾನು. ಮಂಗಳೂರಿನ ಅಂಗಡಿಯಿಂದ ಬೆರಳುದ್ದದ ಕೆಂಪು ಬಾಲದ ಮೀಸೆ ಮೀನೊಂದನ್ನು ಆಸೆಪಟ್ಟು ತಂದಿದ್ದೆ. ಎರಡೇ ವರ್ಷದಲ್ಲಿ ಅದು ಕೈಯುದ್ದ ಬೆಳೆದು, ಅಕ್ವೇರಿಯಂ ಸಾಲದೆ ಹಿತ್ತಲಿನ ಸಿಮೆಂಟು ಟ್ಯಾಂಕಿಗೆ ಬಂತು. ಪ್ಯಾಕೆಟಿನ ಕಾಳು ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಪೂಜೆಗೆ ಹೋಗುವ ನನ್ನ ತಂದೆ ಮಾತ್ರ ಬಂದವರಿಗೆಲ್ಲ, "ನಮ್ಮ ಮೀನು ಶುದ್ಧ ಸಸ್ಯಾಹಾರಿ" ಎನ್ನುತ್ತಿದ್ದರು.

ವಾರಕ್ಕೆರಡು ಸಲ, ತಂದೆ ದೇವಸ್ಥಾನಕ್ಕೆ ಹೋದ ಮೇಲೆ ಅಕ್ಕ ಬರುತ್ತಿದ್ದರು. ಬೂತಾಯಿ ಮೀನಿನ ತಲೆ, ಮುಳ್ಳು ತೆಗೆದು ತುಂಡು ಮಾಡಿ ಹಾಕುತ್ತಿದ್ದರು. "ಮುಳ್ಳು ಸಿಕ್ಕಿಕೊಂಡರೆ ಅದು ಯಾರ ಹತ್ತಿರ ಹೇಳುವುದು ಮಾಷ್ಟ್ರೇ?"

ಒಂದು ದಿನ ತಂದೆ ಬೇಗ ಬಂದರು. ಟ್ಯಾಂಕಿನ ಪಕ್ಕ ಕತ್ತಿ ಹಿಡಿದು ಕೂತ ಅಕ್ಕನನ್ನು ಕಂಡು ಕೆಂಡವಾದರು.

"ಎಂತ ಇದು? ಯಾರು ಕರೆದದ್ದು ಇವಳನ್ನು?"

"ಗೊತ್ತಿಲ್ಲ ಅಪ್ಪ, ಅವರೇ ಬಂದದ್ದು" ಎಂದೆ. ಮೂವತ್ತು ದಾಟಿದ್ದ ನಾನು ಶಾಲೆಯಲ್ಲಿ ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಪಾಠ ಮಾಡುವವನು.

ಅಕ್ಕ ನನ್ನನ್ನೊಮ್ಮೆ ನೋಡಿದರು. "ಹೌದು ಭಟ್ರೇ, ತಪ್ಪಾಯಿತು. ದೊಡ್ಡ ಮೀನು ಉಂಟಂತ ನೋಡ್ಲಿಕ್ಕೆ ಬಂದೆ." ಮೀನು ಕೊಯ್ದ ಕಲ್ಲನ್ನು ತಾವೇ ತೊಳೆದು ಬುಟ್ಟಿ ಎತ್ತಿಕೊಂಡರು. ಅವರು ಕೂತ ಜಾಗಕ್ಕೆ ತಂದೆ ಸೆಗಣಿ ನೀರು ಹಾಕಿಸಿದರು. ಹಾಕಿದವನೂ ನಾನೇ.

ಆಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಅವರಿಗೆ ತಲೆ ತಪ್ಪಿಸಿ ಓಡಾಡಿದೆ. ಐದನೆಯ ದಿನ ಅವರೇ ಅಡ್ಡ ಬಂದು, "ಪಾಪ, ಅದು ಉಪವಾಸ ಉಂಟಾ?" ಎಂದು ಕೇಳಿ ತೇಗದ ಎಲೆಯ ಪೊಟ್ಟಣವೊಂದನ್ನು ಕೈಗಿಟ್ಟರು. ಮುಳ್ಳು ತೆಗೆದಿದ್ದರು. ಮೀನು ಸಾಯುವ ತನಕ, ನಾಲ್ಕು ವರ್ಷ, ಹಾಗೆಯೇ ಕೊಟ್ಟರು. ತಪ್ಪಾಯಿತು ಎಂಬ ಒಂದು ಮಾತು ನನ್ನ ಬಾಯಿಂದ ಬರಲಿಲ್ಲ.

ಅವರು ತೀರಿಕೊಂಡ ಸುದ್ದಿ ತಿಳಿದು ಶಿರಿಯಕ್ಕೆ ಹೋದೆ. ಅಗಲ್ಪಾಡಿಯವನು ಎಂದದ್ದೇ ತಡ, ಅವರ ಮಗಳು, "ಮೀಸೆ ಮೀನಿನ ಮಾಷ್ಟ್ರಲ್ವಾ? ಒಳ್ಳೆಯವರು ಅಂತ ಅಮ್ಮ ಯಾವಾಗಲೂ ಹೇಳ್ತಾ ಇದ್ದರು" ಎಂದು ಚಾ ತಂದುಕೊಟ್ಟಳು. ಅದನ್ನು ಕುಡಿದು ಬಸ್ಸು ಹತ್ತಿದೆ.

ಮನೆ ತಲುಪಿದಾಗ ತಂದೆ ಜಗಲಿಯಲ್ಲಿದ್ದರು. ಎಲ್ಲಿಗೆ ಹೋಗಿದ್ದೆ ಎಂದು ಕೇಳಿದರು.

"ಶಾಲೆಯಲ್ಲಿ ಮೀಟಿಂಗ್ ಇತ್ತು" ಎಂದೆ.